ಮಳೆಗಾಲದಲ್ಲೂ ಬಿಡದ ಬಣ್ಣ: ಲ್ಯಾಮಿನೇಷನ್ ಫಿಲ್ಮ್‌ಗೆ ಇಂಕ್ ಹಿಡಿಸುವ ಬಗೆ

ಆರಿದ್ರೆ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಶಿರಸಿ ಕಡೆಯಿಂದ ಹಲಸಿನ ಹಪ್ಪಳ ಮಾಡುವ ಅಕ್ಕ ಒಬ್ಬರು ಕಾರವಾರದ ನಮ್ಮ ಪೌಚ್ ಪ್ರಿಂಟಿಂಗ್ ಘಟಕಕ್ಕೆ ಬಂದರು. ಕೊಡೆ ಮೂಲೆಗಿಟ್ಟು, ಚೀಲದಿಂದ ಖಾಲಿ ಪೌಚ್ ತೆಗೆದು, ಅದರ ಮೂಲೆಯನ್ನು ಉಗುರಿನಲ್ಲಿ ಎಬ್ಬಿಸಿ ಎಳೆದರು. ಪೌಚ್ ಎರಡು ಹಾಳೆಯಾಗಿ ಬಿಚ್ಚಿಕೊಂಡಿತು. ಹೊರಗಿನ ಹಾಳೆ ಗಾಜಿನಂತೆ ಬರಿದಾಗಿತ್ತು, ಬಣ್ಣವೆಲ್ಲ ಒಳಗಿನ ಪಾಲಿಥಿನ್ ಮೇಲೆ ಕೂತಿತ್ತು.

"ಅಲ್ಲಾ ಮಾರಾಯ್ರೆ, ನಮ್ಮ ಹಪ್ಪಳ ವರ್ಷ ಇಟ್ಟರೂ ಕೆಡೂದಿಲ್ಲ. ನಿಮ್ಮ ಬಣ್ಣ ತಿಂಗಳೂ ನಿಲ್ಲೂದಿಲ್ವಲ್ಲ?"

ಅವತ್ತು ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಇಂಕ್ ಕಳಿಸಿದವರಿಗೆ ಫೋನ್ ಮಾಡಿ ಬೈದೆವು, ಮುಂದಿನ ಜಾಬ್‌ಗೆ ಡ್ರೈಯರ್ ಶಾಖವನ್ನು 15 ಡಿಗ್ರಿ ಏರಿಸಿದೆವು. ಬಣ್ಣ ಮೊದಲಿನಷ್ಟೇ ಸುಲಭವಾಗಿ ಬಿಟ್ಟಿತು, ಜೊತೆಗೆ ಪೌಚ್ ಬಾಯಿ ತೆರೆದರೆ ಥಿನ್ನರ್ ವಾಸನೆ ಬರತೊಡಗಿತು. ನಿಜವಾದ ಕಾರಣ ಸಿಗಲು ಹತ್ತು ದಿನ ಬೇಕಾಯಿತು. ಆ ಹತ್ತು ದಿನ ನಿಮಗೆ ಉಳಿಯಲಿ ಎಂದು ಕೆಲಸದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಗ್ರೇವಿಯರ್ (ಕೆತ್ತಿದ ಸಿಲಿಂಡರ್) ಅಥವಾ ಫ್ಲೆಕ್ಸೋ (ಬಾಗುವ ಪ್ಲೇಟ್) ಪ್ರಿಂಟಿಂಗ್ ಯಂತ್ರದಲ್ಲಿ ಸಾಲ್ವೆಂಟ್ ಇಂಕ್ ಹಾಕಿ, ರಾಳ ಮತ್ತು ಹಾರ್ಡನರ್ ಬೆರೆಸಿದ ಪಾಲಿಯುರೆಥೇನ್ ಗಮ್ಮಿನಲ್ಲಿ ಲ್ಯಾಮಿನೇಟ್ ಮಾಡುವವರಿಗೆ, ಅಂದರೆ ಪ್ರಿಂಟ್ ಆದ ಹಾಳೆಯನ್ನು ಇನ್ನೊಂದು ಹಾಳೆಗೆ ಅಂಟಿಸುವವರಿಗೆ, ಇದು ನೇರ ಉಪಯೋಗ. ಪೌಚ್ ಮಾಡಿಸಿಕೊಳ್ಳುವ ಉಪ್ಪಿನಕಾಯಿ, ಹಪ್ಪಳ, ಗೋಡಂಬಿಯವರೂ ಮೊದಲ ಹೆಜ್ಜೆಯನ್ನಾದರೂ ಓದಿ. ಜಗಳಕ್ಕೆ ಹೋಗುವ ಮೊದಲು ತಪ್ಪು ಯಾರದು ಎಂಬುದು ಗೊತ್ತಾಗುತ್ತದೆ.

ಶುರುವಿಗೇ ಒಂದು ಮಾತು. ಒಣಗುವುದು ಬೇರೆ, ಕ್ಯೂರ್ ಆಗುವುದು ಬೇರೆ. ಸಾಲ್ವೆಂಟ್ ಇಂಕ್ ಒಣಗುತ್ತದೆ, ಅಂದರೆ ಅದರಲ್ಲಿರುವ ಈಥೈಲ್ ಅಸಿಟೇಟ್‌ನಂಥ ದ್ರವ ಹಾರಿಹೋಗಿ ರಾಳ ಮತ್ತು ಬಣ್ಣದ ಪುಡಿ ಉಳಿಯುತ್ತವೆ. ಗಮ್ ಕ್ಯೂರ್ ಆಗುತ್ತದೆ. ಅಲ್ಲಿ ಹಾರ್ಡನರ್‌ನ ಐಸೊಸಯನೇಟ್ ರಾಳದ ಜೊತೆ ಕೂಡಿ ಹೊಸ ವಸ್ತುವಾಗುತ್ತದೆ. ಮೊದಲನೆಯದಕ್ಕೆ ಬೇಕಾದದ್ದು ಗಾಳಿ, ಎರಡನೆಯದಕ್ಕೆ ಸಮಯ. ಇವೆರಡನ್ನೂ "ಇಂಕ್ ಪ್ರಾಬ್ಲಮ್" ಎಂಬ ಒಂದೇ ಚೀಲಕ್ಕೆ ತುಂಬುವುದರಿಂದಲೇ ಅರ್ಧ ಗೊಂದಲ.

ಹೆಜ್ಜೆ 1: ಮೊದಲು ಬಿಡಿಸಿ ನೋಡಿ

15 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ಒಂದು ತುದಿಯನ್ನು ಈಥೈಲ್ ಅಸಿಟೇಟ್‌ನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಪದರ ಬಿಡಿಸಿಕೊಳ್ಳುವುದು ಸುಲಭ. ಒಣಗಿದ ಮೇಲೆ ಎರಡೂ ಹಾಳೆ ಹಿಡಿದು ನಿಧಾನ ಎಳೆಯಿರಿ. ಎಷ್ಟು ಬಲ ಬೇಕಾಯಿತು ಎನ್ನುವುದಕ್ಕಿಂತ ಬಣ್ಣ ಯಾವ ಕಡೆ ಹೋಯಿತು ಎನ್ನುವುದನ್ನು ನೋಡಿ. ಎಲ್ಲ ಉತ್ತರವೂ ಅಲ್ಲೇ ಇರುತ್ತದೆ.

ಬಣ್ಣ ಪೂರ್ತಿಯಾಗಿ ಒಳಗಿನ ಹಾಳೆಗೆ ಹೋಗಿ ಪ್ರಿಂಟ್ ಫಿಲ್ಮ್ ಬರಿದಾದರೆ, ಇಂಕ್ ಫಿಲ್ಮ್‌ಗೆ ಹಿಡಿದೇ ಇರಲಿಲ್ಲ ಎಂದರ್ಥ. ಫಿಲ್ಮ್‌ನ ಟ್ರೀಟ್‌ಮೆಂಟ್ (ಇಂಕ್ ಹಿಡಿಯಲೆಂದು ಮೈಗೆ ಕೊಟ್ಟ ವಿದ್ಯುತ್ ಸಂಸ್ಕಾರ, ಹೆಜ್ಜೆ 2 ನೋಡಿ) ಹೋಗಿದೆ, ತಪ್ಪು ಮೈ ಮೇಲೆ ಪ್ರಿಂಟ್ ಆಗಿದೆ, ಇಲ್ಲವೇ ಆ ಫಿಲ್ಮ್‌ಗೆ ಆ ಇಂಕ್ ಹೊಂದುವುದಿಲ್ಲ. ಬಣ್ಣ ಸೀಳಿ ಎರಡೂ ಹಾಳೆಯಲ್ಲಿ ಅರ್ಧರ್ಧ ಕಂಡರೆ ಇಂಕ್ ಪದರಕ್ಕೇ ಒಳಗೆ ಗಟ್ಟಿತನವಿಲ್ಲ. ಸಾಲ್ವೆಂಟ್ ಉಳಿದಿದೆ, ಅಥವಾ ತೆಳು ಮಾಡುವ ಭರದಲ್ಲಿ ರಾಳ ಕಡಿಮೆಯಾಗಿದೆ. ಹಿಂಬದಿಯ ಬಿಳಿ ಬಣ್ಣದಲ್ಲಿ ಇದು ಹೆಚ್ಚು, ಯಾಕೆಂದರೆ ದಪ್ಪವಾಗಿ ಬೀಳುವುದು ಅದೇ. ಬಣ್ಣ ತನ್ನ ಜಾಗದಲ್ಲಿ ಗಟ್ಟಿಯಾಗಿದ್ದು, ಬಿಚ್ಚಿದ ಮೈ ಬೆರಳಿಗೆ ಅಂಟಂಟಾಗಿ ಹತ್ತಿದರೆ ಗಮ್ ಕ್ಯೂರ್ ಆಗಿಲ್ಲ. ಗಮ್ ಒಣಗಿ ಗಟ್ಟಿಯಾಗಿಯೇ ಇದ್ದು ಪಾಲಿಥಿನ್ ಮಾತ್ರ ಸಿಪ್ಪೆಯಂತೆ ನುಣ್ಣಗೆ ಬಂದರೆ ಪಾಲಿಥಿನ್‌ನ ಟ್ರೀಟ್‌ಮೆಂಟ್ ನೋಡಬೇಕು. ಯಾವುದೂ ಬಿಡದೆ ಫಿಲ್ಮೇ ಹರಿದರೆ ನಿಮ್ಮ ಕೆಲಸ ಚೆನ್ನಾಗಿದೆ, ಈ ಲೇಖನ ಇಲ್ಲಿಗೆ ಮುಚ್ಚಿ.

ಅಕ್ಕ ಮೇಜಿನ ಮೇಲೆ ತೋರಿಸಿದ್ದು ಮೊದಲನೇ ಬಗೆ. ಅದಕ್ಕೆ ಡ್ರೈಯರ್ ಶಾಖ ಏರಿಸಿದ್ದು ಕಾಲು ಉಳುಕಿದವನಿಗೆ ಕಣ್ಣಿನ ಔಷಧಿ ಹಾಕಿದ ಹಾಗೆ.

ಹೆಜ್ಜೆ 2: ಫಿಲ್ಮ್‌ನ ಮೈ

ಪಾಲಿಥಿನ್, ಪಾಲಿಪ್ರೊಪಿಲಿನ್‌ಗಳ ಮೈ ಹುಟ್ಟಾ ಎಣ್ಣೆ ಸವರಿದ ಹಾಗೆ. ಮೇಲ್ಮೈ ಶಕ್ತಿ (ದ್ರವವನ್ನು ಹರಡಿ ಹಿಡಿಯುವ ಗುಣ, ಡೈನ್ ಅದರ ಅಳತೆ) 30-32 ಡೈನ್ ಆಸುಪಾಸು ಮಾತ್ರ. ಕೆಸುವಿನ ಎಲೆ ಮೇಲೆ ನೀರು ಮುತ್ತಾಗಿ ಉರುಳುವಂತೆ ಅದರ ಮೇಲೆ ಇಂಕ್ ಹರಡಲು ಒಪ್ಪುವುದಿಲ್ಲ. ಕರೋನಾ ಟ್ರೀಟರ್‌ನ ವಿದ್ಯುತ್ ಕಿಡಿ ಆ ಮೈಯನ್ನು ಆಮ್ಲಜನಕದ ಜೊತೆ ಕೂಡಿಸಿ ಹಿಡಿತ ಕೊಡುತ್ತದೆ. ಸಾಲ್ವೆಂಟ್ ಇಂಕ್‌ಗೆ ಬಿಒಪಿಪಿ (ಎರಡು ದಿಕ್ಕಿಗೂ ಎಳೆದು ಮಾಡಿದ ಪಾಲಿಪ್ರೊಪಿಲಿನ್ ಫಿಲ್ಮ್), ಪಾಲಿಥಿನ್ ಕನಿಷ್ಠ 38 ಡೈನ್ ಇರಲಿ. ನೀರಿನ ಇಂಕ್ ಆದರೆ 40-42 ಬೇಕು. ಪೆಟ್ (ಪಾಲಿಯೆಸ್ಟರ್) ಫಿಲ್ಮ್ ಟ್ರೀಟ್ ಮಾಡದೆಯೇ 42ರ ಹತ್ತಿರ ಇರುತ್ತದೆ, ಟ್ರೀಟ್ ಮಾಡಿದ್ದು 50 ದಾಟುತ್ತದೆ.

ಈ ಟ್ರೀಟ್‌ಮೆಂಟ್ ಶಾಶ್ವತವಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ಫಿಲ್ಮ್ ಜಾರಲೆಂದು ಒಳಗೆ ಬೆರೆಸಿದ ಸ್ಲಿಪ್ ದಿನ ಕಳೆದಂತೆ ಮೇಲೆ ಒಸರುತ್ತದೆ, ಸೆಕೆಯ ಗೋದಾಮಿನಲ್ಲಿ ಬೇಗ ಒಸರುತ್ತದೆ. ನಮ್ಮ ಹಪ್ಪಳದ ಜಾಬ್‌ಗೆ ಹಾಕಿದ್ದು ಏಳು ತಿಂಗಳು ತಗಡಿನ ಮಾಡಿನ ಕೆಳಗೆ ಮಲಗಿದ್ದ ಬಿಒಪಿಪಿ ರೋಲ್. ತಂದಾಗ ಅದು 40 ಡೈನ್ ಇತ್ತೆಂದು ರಿಜಿಸ್ಟರ್ ಹೇಳುತ್ತಿತ್ತು, ಪ್ರಿಂಟ್ ಮಾಡಿದ ದಿನ ಯಾರೂ ಡೈನ್ ಪೆನ್ (ಆ ಅಂಕಿ ಅಳೆಯುವ ದ್ರವದ ಪೆನ್) ಎಳೆದಿರಲಿಲ್ಲ. ಉಳಿದ ತುಂಡಿನ ಮೇಲೆ ಆಮೇಲೆ ಎಳೆದರೆ 34.

ಡೈನ್ ಪೆನ್ನಿನ ಕ್ರಮ ಹೀಗೆ. ಹೊರಗಿನ ಎರಡು-ಮೂರು ಸುತ್ತು ಬಿಚ್ಚಿ ಬಿಸಾಕಿ. ಎಡ, ನಡು, ಬಲ, ಮೂರು ಕಡೆ ಗೆರೆ ಎಳೆಯಿರಿ. ಗೆರೆ ಎರಡು ಸೆಕೆಂಡು ಒಡೆಯದೆ ನಿಂತರೆ ಆ ಅಂಕಿ ಪಾಸು, ಹನಿಹನಿಯಾಗಿ ಒಡೆದರೆ ಫೇಲು. ಇನ್ನೊಂದು ಮೈಗೂ ಎಳೆದು ನೋಡಿ, ಎರಡೂ ಕಡೆ ಒಂದೇ ಅಂಕಿ ಬಂದರೆ ಕರೋನಾ ಹಿಂದಕ್ಕೂ ನುಗ್ಗಿದೆ, ರೋಲ್‌ನಲ್ಲಿ ಹಾಳೆಗೆ ಹಾಳೆ ಅಂಟಿಕೊಳ್ಳುವ ತೊಂದರೆ ಕಾದಿದೆ. ಪೆನ್ನಿಗೂ ಅವಧಿ ಇದೆ, ದಿನಾಂಕ ನೋಡಿ. ಮುಚ್ಚಳ ತೆರೆದಿಟ್ಟ ಪೆನ್ ನಮ್ಮ ಊರಿನ ತೇವ ಹೀರಿ ಸುಳ್ಳು ಹೇಳುತ್ತದೆ. ಅದರ ದ್ರವದಲ್ಲಿ ಸಾಮಾನ್ಯವಾಗಿ ಫಾರ್ಮಮೈಡ್ ಇರುವುದರಿಂದ ಕೈಗವಸು ಬೇಕು. ಗರ್ಭಿಣಿಯರ ಕೈಗೆ ಆ ಕೆಲಸ ಕೊಡಬಾರದು.

ಅಂಕಿ ಕಡಿಮೆ ಬಂದರೆ ಪ್ರಿಂಟಿಂಗ್ ಯಂತ್ರದ ಮೇಲೆಯೇ ಮತ್ತೆ ಕರೋನಾ ಕೊಡಿ. ಎಷ್ಟು ಕೊಡುತ್ತಿದ್ದೀರಿ ಎಂದು ತಿಳಿಯಲು ವಾಟ್ ಸಂಖ್ಯೆಯನ್ನು ಅಗಲ ಮತ್ತು ವೇಗದ ಗುಣಲಬ್ಧದಿಂದ ಭಾಗಿಸಿ. 1 ಮೀಟರ್ ಅಗಲ, ನಿಮಿಷಕ್ಕೆ 100 ಮೀಟರ್ ವೇಗ, 1000 ವಾಟ್ ಇದ್ದರೆ ಚದರ ಮೀಟರಿಗೆ 10 ವಾಟ್-ನಿಮಿಷ. ವೇಗ ಇಮ್ಮಡಿ ಮಾಡಿ ವಾಟ್ ಹಾಗೇ ಬಿಟ್ಟರೆ ಅದು 5ಕ್ಕೆ ಇಳಿಯುತ್ತದೆ. ರಾತ್ರಿ ಪಾಳಿಯಲ್ಲಿ ಬೇಗ ಮುಗಿಸಲು ವೇಗ ಏರಿಸಿದ ರೋಲ್‌ಗಳೇ ಯಾಕೆ ವಾಪಸು ಬರುತ್ತವೆ ಎಂಬುದಕ್ಕೆ ಈ ಭಾಗಾಕಾರ ಸಾಕು. ಹಾಗೆಂದು ಸುಮ್ಮನೆ ಸುರಿಯಲೂಬಾರದು. ಹೆಚ್ಚಾದರೆ ಮೇಲೆ ತುಂಡಾದ ಅಣುಗಳ ಪುಡಿ ಪದರ ಕೂರುತ್ತದೆ. ಪೆನ್ನಿಗೆ ಅಂಕಿ ಚೆನ್ನಾಗಿ ಕಾಣುತ್ತದೆ, ಇಂಕ್ ಮಾತ್ರ ಆ ಪುಡಿಯ ಸಮೇತ ಎದ್ದು ಬರುತ್ತದೆ. ಕರಾವಳಿಯವರಿಗೆ ಇನ್ನೊಂದು ಕೆಲಸ: ಕಡಲ ಗಾಳಿಯ ಉಪ್ಪು ಧೂಳಿನ ಜೊತೆ ಸೇರಿ ಎಲೆಕ್ಟ್ರೋಡ್ ಮೇಲೆ ಕೂರುತ್ತದೆ, ವಾರಕ್ಕೊಮ್ಮೆ ವಿದ್ಯುತ್ ಕಡಿದು ಒರೆಸಿ.

ಹೆಜ್ಜೆ 3: ನೀರು ಎಲ್ಲಿಂದ ಒಳಗೆ ಬರುತ್ತದೆ?

ಕಾಳಿ ನದಿಯ ಆಚೆ ಸದಾಶಿವಗಡ ಮಳೆಯಲ್ಲಿ ಮಾಯವಾಗುವ ದಿನಗಳಲ್ಲಿ ಡ್ರೈಯರ್‌ಗೆ ತೇವದ ಗಾಳಿ ಹೋಗುತ್ತಿದೆ, ಅದಕ್ಕೇ ಇಂಕ್ ಒಣಗುತ್ತಿಲ್ಲ ಎನ್ನುವುದು ನಮ್ಮ ಕಡೆಯ ಸಿದ್ಧ ಉತ್ತರ. ಲೆಕ್ಕ ಹಾಕಿ ನೋಡಿ. 28 ಡಿಗ್ರಿಯ, 90 ಶೇಕಡಾ ತೇವಾಂಶದ ಗಾಳಿಯನ್ನು 60 ಡಿಗ್ರಿಗೆ ಬಿಸಿ ಮಾಡಿದರೆ ಅದರ ಸಾಪೇಕ್ಷ ತೇವಾಂಶ 17 ಶೇಕಡಾಕ್ಕೆ ಇಳಿಯುತ್ತದೆ. ಸಾಲ್ವೆಂಟ್ ಇಂಕ್ ಒಣಗಲು ಅದು ಧಾರಾಳ. ಆರೋಪಿ ಡ್ರೈಯರ್ ಅಲ್ಲ.

ಅಪಾಯ ಇರುವುದು ತಣ್ಣಗಿನ ಜಾಗಗಳಲ್ಲಿ. ಅದೇ 28 ಡಿಗ್ರಿ, 90 ಶೇಕಡಾ ಗಾಳಿ 26 ಡಿಗ್ರಿಗೆ ತಣಿದರೆ ಸಾಕು, ನೀರು ಹನಿಯುತ್ತದೆ. ಎರಡೇ ಡಿಗ್ರಿ. ತೆರೆದ ಇಂಕ್ ಟ್ರೇಯಲ್ಲಿ ಈಥೈಲ್ ಅಸಿಟೇಟ್ ಹಾರುತ್ತ ಇಂಕನ್ನು ಅದಕ್ಕಿಂತ ಹೆಚ್ಚು ತಣ್ಣಗೆ ಮಾಡುತ್ತದೆ. ನೀರು ಇಂಕಿಗೇ ಇಳಿಯುತ್ತದೆ. ನೈಟ್ರೋಸೆಲ್ಯುಲೋಸ್ ಇಂಕ್ ಆದರೆ ಬಣ್ಣದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು ಬರುತ್ತದೆ, ಹೊಳಪು ಸಾಯುತ್ತದೆ, ಹಿಡಿತವೂ ಸಾಯುತ್ತದೆ. ಡ್ರೈಯರ್ ನಂತರ ಫಿಲ್ಮ್ ತಣಿಸುವ ಚಿಲ್ ರೋಲರ್ ಇನ್ನೊಂದು ಜಾಗ. ಬೇಸಿಗೆಯ ಅಭ್ಯಾಸದಲ್ಲಿ 18 ಡಿಗ್ರಿ ನೀರು ಬಿಟ್ಟರೆ ರೋಲರ್ ಬೆವರುತ್ತದೆ, ಒಣಗಿದ ಫಿಲ್ಮ್ ಮತ್ತೆ ಒದ್ದೆ. ಮೂರನೆಯದು ಎಸಿ ಕೋಣೆಯಲ್ಲಿಟ್ಟ ರೋಲ್. ಹೊರಗೆ ತಂದ ಕೂಡಲೆ ಸುತ್ತಿದ ಕವರ್ ಬಿಚ್ಚಿದರೆ ಫ್ರಿಜ್‌ನಿಂದ ತೆಗೆದ ಬಾಟಲಿಯಂತೆ ಬೆವರುತ್ತದೆ.

ಹಾಗಾಗಿ ಮಳೆಗಾಲದ ಕ್ರಮ ಇದು. ಯಂತ್ರದ ಹತ್ತಿರ ತೇವಾಂಶ ಮಾಪಕ ತೂಗುಹಾಕಿ. ಇಲ್ಲದಿದ್ದರೆ ಅಡುಗೆಮನೆಯ ಉಪ್ಪಿನ ಭರಣಿ ಒಸರಲು ಶುರುವಾದ ದಿನದಿಂದ ಎಚ್ಚರ ಇರಲಿ. ರೋಲ್‌ಗಳನ್ನು ಕವರ್ ಸಮೇತ ಒಂದು ದಿನ ಮೊದಲೇ ಯಂತ್ರದ ಕೋಣೆಗೆ ತನ್ನಿ. ಚಿಲ್ ರೋಲರ್ ನೀರು 27-28 ಡಿಗ್ರಿಗಿಂತ ಕೆಳಗೆ ಇಳಿಯದಿರಲಿ. ಇಂಕ್ ಟ್ರೇಗೆ ಮುಚ್ಚಳ ಹಾಕಿ, ಬಾಯಿ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಸಾಲ್ವೆಂಟ್‌ನಲ್ಲಿ ಸ್ವಲ್ಪ ಪಾಲು ನಿಧಾನವಾಗಿ ಹಾರುವ ಎನ್-ಪ್ರೊಪೈಲ್ ಅಸಿಟೇಟ್ ಸೇರಿಸಿ. ಈಥೈಲ್ ಅಸಿಟೇಟ್ 77 ಡಿಗ್ರಿಯಲ್ಲಿ ಕುದಿಯುತ್ತದೆ, ಇದು 102ರಲ್ಲಿ. ಹೆಚ್ಚು ಸೇರಿಸಿದರೆ ಮುಂದೆ ಡ್ರೈಯರ್‌ನಲ್ಲಿ ಉಳಿದುಬಿಡುತ್ತದೆ, ಆದ್ದರಿಂದ ಇಂಕ್ ಕಂಪನಿಯ ಹಾಳೆಯಲ್ಲಿರುವ ಮಿತಿ ದಾಟಬೇಡಿ.

ಟಾಲ್ವೀನ್ ಎಂಬ ಸಾಲ್ವೆಂಟ್ ಹಾಕಿ ಸರಿಮಾಡುವ ಹಳೆಯ ಜಾಣ್ಮೆ ಬೇಡ. ಆಹಾರದ ಪ್ಯಾಕಿಂಗ್ ಇಂಕ್ ಐಎಸ್ 15495 ಮಾನಕದಂತೆ ಇರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮ ಹೇಳುತ್ತದೆ. ಆ ಮಾನಕದ 2020ರ ಪರಿಷ್ಕರಣೆ ಟಾಲ್ವೀನನ್ನು ಹೊರಗಿಟ್ಟಿದೆ.

ಹೆಜ್ಜೆ 4: ಇಂಕಿನ ದಪ್ಪ

ಇದನ್ನು ಉದ್ದ ಮಾಡುವುದಿಲ್ಲ. ಗ್ರೇವಿಯರ್‌ಗೆ ತೂತಿನಿಂದ ಇಂಕ್ ಇಳಿಯುವ ಹೊತ್ತು ಅಳೆಯುವ ಝಾನ್ 2 ಕಪ್‌ನಲ್ಲಿ 16ರಿಂದ 20 ಸೆಕೆಂಡ್ ಸಾಮಾನ್ಯ. ಅರ್ಧ ಗಂಟೆಗೊಮ್ಮೆ ಅಳೆಯಿರಿ, ಕಣ್ಣಂದಾಜು ಬೇಡ. ನಿನ್ನೆ ಉಳಿದ ಇಂಕ್‌ಗೆ ಹಾರ್ಡನರ್ ಹಾಕಿದ್ದಾಗಿದ್ದರೆ ಇವತ್ತು ಅದನ್ನು ಹೊಸದಕ್ಕೆ ಬೆರೆಸಬೇಡಿ. ತೆಳು ಮಾಡಿ ಮಾಡಿ ಬಣ್ಣ ಸಾಲದೆ ಹೋದಾಗ ಎರಡು ಸಲ ಬಿಳಿ ಹೊಡೆಯುವವರಿದ್ದಾರೆ. ಹಾಗೆ ಮಾಡಿದರೆ ಸಾಲ್ವೆಂಟ್ ಎರಡು ಪಟ್ಟು ಸಿಕ್ಕಿಬೀಳುತ್ತದೆ. ಅದರ ಬದಲು ಸಿಲಿಂಡರಿನ ಕೆತ್ತನೆ ಸವೆದಿದೆಯೇ ನೋಡಿ.

ಹೆಜ್ಜೆ 5: ಡ್ರೈಯರ್, ಅಂದರೆ ಗಾಳಿ

ವಾಸನೆ ಬಂದ ಎರಡನೇ ಜಾಬ್‌ನ ಪೌಚ್ ನೋಡಿ ಅದೇ ಅಕ್ಕ ಅಂದಿದ್ದರು, "ಬಿರುಬಿಸಿಲಿಗೆ ಹಾಕಿದ ಹಪ್ಪಳ ಮೇಲೆ ಗರಿಗರಿ, ಒಳಗೆ ಹಸಿ ಇರ್ತದೆ. ಡಬ್ಬಿಗೆ ಹಾಕಿದರೆ ಬೂಸಲು." ಚಾಲಿ ಅಡಿಕೆ ಒಣಗಿಸಿದವರಿಗೂ ಇದು ಗೊತ್ತು. ನಾವು 15 ಡಿಗ್ರಿ ಏರಿಸಿ ಮಾಡಿದ್ದು ಇದನ್ನೇ. ಮೊದಲ ವಲಯದಲ್ಲೇ ಬಿಸಿ ಹೆಚ್ಚಾದರೆ ಇಂಕಿನ ಮೇಲೆ ತೊಗಲು ಕಟ್ಟುತ್ತದೆ, ಕೆಳಗಿನ ಸಾಲ್ವೆಂಟ್‌ಗೆ ದಾರಿ ಮುಚ್ಚುತ್ತದೆ. ಕೈಗೆ ಹತ್ತುವುದಿಲ್ಲವಾದ್ದರಿಂದ ಆಪರೇಟರ್ ಒಣಗಿದೆ ಎಂದು ತಿಳಿಯುತ್ತಾನೆ.

ಮೂರು ವಲಯದ ಡ್ರೈಯರ್ ಆದರೆ 50, 60, 70 ಡಿಗ್ರಿ ಎಂದು ಮೆಟ್ಟಿಲಾಗಿ ಏರಿಸಿ. ಬಿಒಪಿಪಿ ಹೆಚ್ಚು ಬಿಸಿಗೆ ಎಳೆದುಕೊಂಡು ಬಣ್ಣಗಳ ಜೋಡಣೆ ತಪ್ಪಿಸುತ್ತದೆ, ಅದಕ್ಕೆ ಐದು ಡಿಗ್ರಿ ಕಡಿಮೆಯೇ ಇರಲಿ. ಆದರೆ ಶಾಖಕ್ಕಿಂತ ಹೆಚ್ಚಿನ ಕೆಲಸ ಮಾಡುವುದು ಗಾಳಿಯ ವೇಗ. ಇಂಕಿನ ಮೇಲೆ ಸಾಲ್ವೆಂಟ್ ಆವಿಯ ತೆಳು ಹೊದಿಕೆ ನಿಂತಿರುತ್ತದೆ, ನಾಜಲ್‌ನಿಂದ ಬೀಸುವ ಗಾಳಿ ಅದನ್ನು ಹರಿದು ಎಸೆಯಬೇಕು. ಮುಚ್ಚಿದ ಫಿಲ್ಟರ್, ಸಡಿಲ ಬೆಲ್ಟ್, ಗಟ್ಟಿ ಇಂಕ್ ಕಟ್ಟಿದ ನಾಜಲ್, ಇವು ಮೂರನ್ನು ನೋಡದೆ ಹೀಟರ್ ಗುಂಡಿ ಮುಟ್ಟಬೇಡಿ. ಒಳಗೆ ಬರುವ ಗಾಳಿಗಿಂತ ಹೊರಗೆ ಎಳೆಯುವ ಗಾಳಿ ಹೆಚ್ಚಿರಬೇಕು. ಫಿಲ್ಮ್ ಒಳಹೋಗುವ ಸೀಳಿನ ಬಳಿ ಟಿಶ್ಯೂ ಕಾಗದದ ಪಟ್ಟಿ ಹಿಡಿಯಿರಿ, ಅದು ಒಳಕ್ಕೆ ವಾಲಬೇಕು. ಗಾಳಿ ನೋಡಲು ಊದುಬತ್ತಿ ಹಚ್ಚಿದವರನ್ನು ಕಂಡಿದ್ದೇನೆ. ಈಥೈಲ್ ಅಸಿಟೇಟ್‌ನ ಆವಿ ಮೈನಸ್ 4 ಡಿಗ್ರಿಯಲ್ಲೂ ಹೊತ್ತಿಕೊಳ್ಳುತ್ತದೆ. ಯಂತ್ರದ ಹತ್ತಿರ ಬೆಂಕಿ ಎಂಬ ಮಾತೇ ಬೇಡ. ಘಟ್ಟದ ಮೇಲಿನವರಿಗೆ ಡಿಸೆಂಬರ್, ಜನವರಿಯ ಒಣಗಾಳಿಯಲ್ಲಿ ಸ್ಟ್ಯಾಟಿಕ್ ಕಿಡಿಯ ಭಯವೂ ಉಂಟು, ಅರ್ಥಿಂಗ್ ತಂತಿ ನೋಡಿಕೊಳ್ಳಿ.

ಪರೀಕ್ಷೆ ಎರಡು, ಎರಡೂ ಯಂತ್ರದ ಬುಡದಲ್ಲೇ. ಪ್ರಿಂಟ್ ಆದ ಫಿಲ್ಮ್ ಮೇಲೆ ಪಾರದರ್ಶಕ ಟೇಪ್ ಒತ್ತಿ, ಮೊದಲು ನಿಧಾನ, ಆಮೇಲೆ ಜೋರಾಗಿ ಎಳೆಯಿರಿ. ಪ್ರತಿ ಸಲ ಒಂದೇ ಕಂಪನಿಯ ಟೇಪ್ ಇರಲಿ. ಬಿಳಿ ಬಣ್ಣ ಇರುವ ಜಾಗದಲ್ಲಿ ತಪ್ಪದೆ ಮಾಡಿ. ಇನ್ನೊಂದು, ಫಿಲ್ಮ್ ತುಂಡು ಮಡಚಿ ಗಾಜಿನ ಭರಣಿಗೆ ಹಾಕಿ ಮುಚ್ಚಳ ಬಿಗಿದು, 60 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ ಇಟ್ಟು, ತಣಿದ ಮೇಲೆ ಮೂಸಿ ನೋಡಿ. ಆಗಷ್ಟೇ ಇಂಕ್ ಕಲಸಿ ಬಂದವರು ಮೂಸಬಾರದು, ಅವರ ಮೂಗಿಗೆ ಏನೂ ತಿಳಿಯುವುದಿಲ್ಲ. ದೊಡ್ಡ ಗಿರಾಕಿಗಳು ಉಳಿದ ಸಾಲ್ವೆಂಟ್ ಎಷ್ಟೆಂದು ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ವರದಿ ಕೇಳುತ್ತಾರೆ. ಚದರ ಮೀಟರಿಗೆ ಒಟ್ಟು 10 ಮಿಲಿಗ್ರಾಂಗಿಂತ ಕಡಿಮೆ ಎನ್ನುವುದು ಸಾಮಾನ್ಯವಾಗಿ ಕೇಳುವ ಮಿತಿ.

ಹೆಜ್ಜೆ 6: ಗಮ್ಮಿನಲ್ಲಿ ನೀರಿನ ಲೆಕ್ಕ

ಇಲ್ಲಿಯವರೆಗೆ ಸರಿಯಾಗಿ ಬಂದ ಪ್ರಿಂಟು ಇಲ್ಲಿ ಕೆಡುವುದುಂಟು. ಐಸೊಸಯನೇಟ್‌ಗೆ ರಾಳದಂತೆ ನೀರು ಕಂಡರೂ ಅಕ್ಕರೆ. ನೀರಿನ ಜೊತೆ ಕೂಡಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಲ್ಯಾಮಿನೇಟ್‌ನಲ್ಲಿ ಮರುದಿನ ಕಾಣುವ ಸಣ್ಣ ಗುಳ್ಳೆಗಳಲ್ಲಿ ಎಷ್ಟೋ ಅದರವು. ಒಂದು ಗ್ರಾಂ ನೀರು ಸುಮಾರು 4.7 ಗ್ರಾಂ ಐಸೊಸಯನೇಟ್ ಗುಂಪುಗಳನ್ನು ತಿನ್ನುತ್ತದೆ. ಹಾರ್ಡನರ್‌ನಲ್ಲಿ ಆ ಗುಂಪುಗಳ ಪ್ರಮಾಣ 13 ಶೇಕಡಾ ಎಂದಿಟ್ಟುಕೊಂಡರೆ, ಒಂದು ಗ್ರಾಂ ನೀರಿಗೆ 36 ಗ್ರಾಂ ಹಾರ್ಡನರ್ ಹಾಳು. 10 ಕಿಲೋ ಈಥೈಲ್ ಅಸಿಟೇಟ್‌ನಲ್ಲಿ 0.1 ಶೇಕಡಾ ನೀರಿದ್ದರೂ 10 ಗ್ರಾಂ ಆಯಿತು, 360 ಗ್ರಾಂ ಹಾರ್ಡನರ್ ಲೆಕ್ಕಕ್ಕೆ ಬಂದರೂ ಆಟಕ್ಕಿಲ್ಲ. ಗಮ್ ಅಂಟಂಟಾಗಿ ಉಳಿಯುವುದು ಹೀಗೆ.

ಅದಕ್ಕೆ ಗಮ್ ತೆಳು ಮಾಡಲು ಯುರೆಥೇನ್ ದರ್ಜೆಯ, ನೀರು 0.05 ಶೇಕಡಾ ಒಳಗಿರುವ ಈಥೈಲ್ ಅಸಿಟೇಟ್ ಮಾತ್ರ ಬಳಸಿ. ಇಂಕ್ ತೊಳೆಯುವ ಡ್ರಮ್‌ನಿಂದ ಒಂದು ಮಗ್ ಎತ್ತಿ ಸುರಿಯುವ ಹುಡುಗರ ಮೇಲೆ ಕಣ್ಣಿಡಿ. ಡ್ರಮ್ ಮಳೆಯಲ್ಲಿ ಹೊರಗೆ ನಿಲ್ಲಿಸಬೇಡಿ, ರಾತ್ರಿ ತಣಿದಾಗ ಬಿರಡೆಯ ಸಂದಿಯಿಂದ ನೀರು ಒಳಗೆ ಎಳೆಯುತ್ತದೆ. ತೆರೆದ ಹಾರ್ಡನರ್ ಡಬ್ಬಿಗೆ ಒಣ ನೈಟ್ರೋಜನ್ ಊದಿ ಮುಚ್ಚಿ, ಇಲ್ಲವಾದರೆ ಸಣ್ಣ ಡಬ್ಬಿಗಳನ್ನೇ ತರಿಸಿ. ಆಲ್ಕೋಹಾಲ್ ಕೂಡ ಇದೇ ಕಳ್ಳತನ ಮಾಡುತ್ತದೆ. ಇಂಕ್‌ನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಉಳಿದಿದ್ದರೆ ಗಮ್ಮಿನ ಹಾರ್ಡನರ್ ಅದಕ್ಕೂ ಖರ್ಚಾಗುತ್ತದೆ. ಡ್ರೈಯರ್ ತಪ್ಪಿಗೆ ಗಮ್ ಶಿಕ್ಷೆ ಅನುಭವಿಸುವುದು ಇಲ್ಲೇ. ಮಳೆಗಾಲಕ್ಕೆಂದು ಹಾರ್ಡನರ್ ಕೈಗೆ ಬಂದಷ್ಟು ಹೆಚ್ಚು ಹಾಕುವುದು ಪರಿಹಾರವಲ್ಲ, ಎಷ್ಟು ಎಂಬುದನ್ನು ಗಮ್ ಕೊಟ್ಟವರನ್ನೇ ಕೇಳಿ. ಸಾಲ್ವೆಂಟ್ ಇಲ್ಲದ ಯಂತ್ರದಲ್ಲಿ ರಾಳ, ಹಾರ್ಡನರ್ ಎರಡರ ನಳಿಕೆಯಿಂದಲೂ ಒಂದೊಂದು ನಿಮಿಷ ಕಪ್‌ಗೆ ಹಿಡಿದು ತೂಗಿ, ಪ್ರತಿ ಪಾಳಿಯ ಶುರುವಿನಲ್ಲಿ.

ಗಮ್ಮಿನ ತೂಕ ಸಾಲ್ವೆಂಟ್ ಇಲ್ಲದ್ದರಲ್ಲಿ ಚದರ ಮೀಟರಿಗೆ 1.2ರಿಂದ 2 ಗ್ರಾಂ, ಸಾಲ್ವೆಂಟ್ ಗಮ್‌ನಲ್ಲಿ 2.5ರಿಂದ 4 ಗ್ರಾಂ. ದಪ್ಪ ಪ್ರಿಂಟ್ ಇರುವ ಜಾಬ್‌ಗೆ ಮೇಲಿನ ತುದಿ ಹಿಡಿಯಿರಿ.

ಹೆಜ್ಜೆ 7: ಕ್ಯೂರಿಂಗ್ ಕೋಣೆಯಲ್ಲಿ ಅವಸರ ಬೇಡ

40-45 ಡಿಗ್ರಿ, 24ರಿಂದ 48 ಗಂಟೆ. ಪ್ಲಾಸ್ಟಿಕ್ ಶಾಖ ಸಾಗಿಸುವುದರಲ್ಲಿ ಸೋಮಾರಿ. ದೊಡ್ಡ ರೋಲ್‌ನ ಹೊರಮೈ ಬಿಸಿಯಾದ ಎಷ್ಟೋ ಗಂಟೆಯ ಮೇಲೆ ಕೋರ್ ಹತ್ತಿರ ಬಿಸಿ ತಲುಪುತ್ತದೆ. ಹಾಗಾಗಿ ಗಂಟೆ ಎಣಿಸುವುದು ಬಾಗಿಲು ಹಾಕಿದ ಹೊತ್ತಿನಿಂದಲ್ಲ. ರೋಲ್‌ಗಳ ನಡುವೆ ಒಂದು ಗೇಣು ಜಾಗ ಬಿಡಿ, ಫ್ಯಾನ್ ತಿರುಗುತ್ತಿರಲಿ. ಹೊರಸುತ್ತಿನ ತುಂಡು ಕಿತ್ತು ಬಾಂಡ್ (ಪದರಗಳ ಹಿಡಿತ) ಪಾಸ್ ಎನ್ನಬೇಡಿ, ರೋಲ್ ಸೀಳುವಾಗ (ಸ್ಲಿಟಿಂಗ್) ಕೋರ್ ಹತ್ತಿರದ ತುಂಡೂ ನೋಡಿ. ಮಾಲು ದೇವಿಮನೆ ಘಟ್ಟ ಹತ್ತುವ ಅವಸರದಲ್ಲಿದೆ, ಲಾರಿ ಬಂದು ನಿಂತಿದೆ ಎಂದು 12 ಗಂಟೆಗೆ ತೆಗೆದುಕೊಟ್ಟ ರೋಲ್ ನನ್ನ ಕಾಲದಲ್ಲಿ ಒಂದಲ್ಲ, ನಾಲ್ಕು ಸಲ ವಾಪಸು ಬಂದಿದೆ.

ಇದು ಬರೀ ಪದರ ಬಿಡುವ ಮಾತಲ್ಲ. ಆರೊಮ್ಯಾಟಿಕ್ ಹಾರ್ಡನರ್ ಪೂರ್ತಿ ಕ್ಯೂರ್ ಆಗದಿದ್ದರೆ ಉಳಿದ ಐಸೊಸಯನೇಟ್ ನೀರಿನಂಶದ ಆಹಾರ ತಾಗಿ ಆರೊಮ್ಯಾಟಿಕ್ ಅಮೈನ್ ಎಂಬ ಹಾನಿಕಾರಕ ವಸ್ತು ಆಗುತ್ತದೆ. ಯುರೋಪಿನ ನಿಯಮದಲ್ಲಿ ಅದರ ಮಿತಿ ಕ್ಯಾನ್ಸರ್‌ಕಾರಕವೆಂದು ಪಟ್ಟಿಯಲ್ಲಿರುವ ಒಂದೊಂದು ಅಮೈನ್‌ಗೂ ಆಹಾರದ ಕಿಲೋಗೆ 0.002 ಮಿಲಿಗ್ರಾಂ, ಉಳಿದವೆಲ್ಲ ಸೇರಿ 0.01 ಮಿಲಿಗ್ರಾಂ. ಹಪ್ಪಳಕ್ಕಿಂತ ಉಪ್ಪಿನಕಾಯಿ, ಮುರುಗಲು ಸಾರಿನಂಥ ಹಸಿ ಮಾಲಿಗೆ ಇದು ಹೆಚ್ಚು ಅನ್ವಯ.

ಯುವಿ ಇಂಕ್ ಬಳಸುವವರಿಗೆ ಎರಡು ಸಾಲು. ಅಲ್ಲಿ ಕ್ಯೂರ್ ಮಾಡುವುದು ಬೆಳಕು. ಮರ್ಕ್ಯುರಿ ದೀಪದ ಗಂಟೆ ಬರೆದಿಡಿ, ಪ್ರತಿಫಲಕ ಒರೆಸಿ, ರೇಡಿಯೋಮೀಟರ್‌ನಲ್ಲಿ ಡೋಸ್ ಅಳೆಯಿರಿ. ದೀಪ ಉರಿಯುತ್ತಿದೆ ಎಂಬುದು ಅದು ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹೆಜ್ಜೆ 8: ಮಾಲು ತುಂಬಿಯೇ ನೋಡಿ

ಖಾಲಿ ಪೌಚ್‌ನ ಬಾಂಡ್ ಅರ್ಧ ಸತ್ಯ. ಹಪ್ಪಳ, ಗೋಡಂಬಿಯಂಥ ಒಣ ಮಾಲಿಗೆ ನಾವು 15 ಮಿಲಿಮೀಟರ್ ಪಟ್ಟಿ ಬಿಡಿಸಲು 150 ಗ್ರಾಂ ಬಲ ಬೇಕಾದರೆ ಬಿಡುತ್ತೇವೆ. ಅಪ್ಪೆಮಿಡಿ ಉಪ್ಪಿನಕಾಯಿಗೆ 300 ಇಲ್ಲದೆ ಬಿಡುವುದಿಲ್ಲ. ಹುಳಿ, ಸಾಸಿವೆ ಖಾರದಂಥವು ಪಾಲಿಥಿನ್ ದಾಟಿ ಗಮ್ಮಿನ ಹತ್ತಿರ ಹೋಗುತ್ತವೆ. ಪೆಟ್ ಮತ್ತು ಪಾಲಿಥಿನ್‌ನ ಹೊಸ ಜಾಬ್ ಬಂದರೆ ಹತ್ತು ಪೌಚ್‌ಗೆ ಗಿರಾಕಿಯದೇ ಮಿಡಿ ತುಂಬಿ, ಸೀಲ್ ಮಾಡಿ, ಕ್ಯೂರಿಂಗ್ ಕೋಣೆಯ ಮೂಲೆಯಲ್ಲಿ ಒಂದು ವಾರ ಇಡಿ. ಆಮೇಲೆ ತೊಳೆದು ಪಟ್ಟಿ ಕತ್ತರಿಸಿ, ಹೆಜ್ಜೆ 1ರಂತೆ ಎಳೆಯಿರಿ. ಬಾಂಡ್ ಅರ್ಧಕ್ಕಿಂತ ಕೆಳಗೆ ಇಳಿದರೆ ಆ ಗಮ್ ಆ ಮಾಲಿಗೆ ಬೇಡ.

ಹಪ್ಪಳದ ಅಕ್ಕನಿಗೆ ಪೌಚ್ ಮತ್ತೆ ಮಾಡಿಕೊಟ್ಟೆವು. ಹೊಸ ಬಿಒಪಿಪಿ, ಪ್ರಿಂಟ್ ದಿನದ ಡೈನ್ 40, ಡ್ರೈಯರ್ ಶಾಖ ಹಳೆಯ ಅಂಕಿಗೇ ವಾಪಸು, ಬ್ಲೋವರ್ ಫಿಲ್ಟರ್ ಹೊಸದು. ಅವರು ಈಗಲೂ ಲಾಟ್ ಇಳಿಸಿಕೊಳ್ಳುವ ಮೊದಲು ಒಂದು ಪೌಚ್ ತೆಗೆದು ಮೂಲೆಗೆ ಉಗುರು ಹಾಕಿ ನೋಡುತ್ತಾರೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ.